ಒಂದು ಹಾಕು, ಒಂದು ಬಿಡು

ನಮ್ಮ ಮನೆಯ ರಿವಾಲ್ವರಿನ ಉರುಳೆಯಲ್ಲಿ ಆರು ಗೂಡುಗಳಿವೆ. ಐದಕ್ಕೆ ಮಾತ್ರ ಗುಂಡು ಹಾಕಬೇಕು, ಒಂದನ್ನು ಖಾಲಿ ಬಿಡಬೇಕು. ಈ ನಿಯಮವನ್ನು ನನ್ನ ಮಾವನಿಗೆ ಅವರ ಅಪ್ಪ ಹೇಳಿಕೊಟ್ಟರು. ಅವರಿಗೆ ಹೇಳಿಕೊಟ್ಟವನು ಕೊಡಗಿನ ಕಾಫಿ ಎಸ್ಟೇಟಿನ ಬಿಳಿ ದೊರೆ. ಮಾವನ ಅಪ್ಪ ಆ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ದೊರೆ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಮೇಜು ಕುರ್ಚಿಗಳನ್ನು ಯಾರ್ಯಾರಿಗೋ ಹಂಚಿ, ಕೊನೆಗೆ ಉಳಿದದ್ದನ್ನು ರೈಟರಿಗೆ ಕೊಟ್ಟನಂತೆ. ಉಳಿದದ್ದು ಇದು. ಮೇಜು ಸಿಕ್ಕಿದ್ದರೆ ನಮಗೆ ಇಷ್ಟು ತಾಪತ್ರಯ ಇರುತ್ತಿರಲಿಲ್ಲ.

ನಾನು ಕೆ.ಆರ್. ನಗರದ ಕಡೆಯವಳು. ನಮ್ಮಲ್ಲಿ ನಾಲೆ, ಗದ್ದೆ, ಸೊಳ್ಳೆ, ಇಷ್ಟೇ. ಸೊಳ್ಳೆಗೆ ಯಾರೂ ಲೈಸೆನ್ಸ್ ತೆಗೆಸುವುದಿಲ್ಲ. ಮದುವೆಯಾಗಿ ಪಿರಿಯಾಪಟ್ಟಣ ತಾಲ್ಲೂಕಿಗೆ, ಹಾರನಹಳ್ಳಿ ಹತ್ತಿರದ ಈ ಊರಿಗೆ ಬಂದ ಹೊಸದರಲ್ಲಿ, ಹೊಗೆಸೊಪ್ಪು ಬೆಳೆಯುವವರ ಮನೆಯಲ್ಲಿ ರಿವಾಲ್ವರಿಗೆ ಏನು ಕೆಲಸ ಎಂದು ಕೇಳಿದ್ದೆ.

"ಅಂದಿ ಬತ್ತವೆ ಕಣವ್ವ, ಆನೆ ಬತ್ತವೆ," ಎಂದಿದ್ದರು ಮಾವ.

ಹಂದಿ ಬರುವುದು ನಿಜ, ಆನೆ ಬರುವುದೂ ನಿಜ. ಆದರೆ ಹಂದಿ ಬಂದಾಗ ಮಾವ ತಗಡು ಬಡಿಯುತ್ತಿದ್ದರು. ಆನೆ ಬಂದಾಗ ನಮ್ಮೆಲ್ಲರ ಜೊತೆ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ರಿವಾಲ್ವರು ಮಾತ್ರ ಬೀಗ ಹಾಕಿದ ಟ್ರಂಕಿನಲ್ಲಿ ನಿಶ್ಚಿಂತೆಯಾಗಿ ಮಲಗಿರುತ್ತಿತ್ತು. ಅದು ಹೊರಗೆ ಬರುತ್ತಿದ್ದುದು ಎರಡೇ ಕಾರಣಕ್ಕೆ. ಒಂದು ಚುನಾವಣೆ, ಇನ್ನೊಂದು ಆಯುಧಪೂಜೆ. ಚುನಾವಣೆ ಘೋಷಣೆಯಾದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ಯಾವ ಚುನಾವಣೆಯನ್ನೂ ನಮ್ಮ ರಿವಾಲ್ವರು ತಪ್ಪಿಸಿದ್ದಿಲ್ಲ. ನನ್ನ ಗಂಡ ತಪ್ಪಿಸಿದ್ದಾನೆ.

ಗಂಡನ ವಿಷಯ ಬಂದಿತು, ಹೇಳಿಬಿಡುತ್ತೇನೆ. ಅವನಿಗೆ ದೊಡ್ಡ ಸದ್ದು ಆಗುವುದಿಲ್ಲ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ದಿನವಿಡೀ ಮೋಟರಿನ ಗದ್ದಲದ ಮಧ್ಯೆ ಇರುತ್ತಾನೆ, ಅದೇನೂ ಅಡ್ಡಿಯಿಲ್ಲ. ಆದರೆ ಒಮ್ಮೆಲೇ ಢಂ ಎನ್ನುವುದು ಆಗದು. ನಮ್ಮ ಮದುವೆಯಲ್ಲಿ ಓಲಗದವರು ಗಟ್ಟಿಮೇಳ ಬಾರಿಸಿದಾಗ ತಾಳಿ ಹಿಡಿದ ಅವನ ಕೈ ನಡುಗಿದ್ದನ್ನು ಕಂಡು ನಮ್ಮ ಕಡೆಯ ಹೆಂಗಸರು, ಗಂಡು ಎಷ್ಟು ನಾಚಿಕೆಯವನು ಎಂದು ಮೆಚ್ಚಿಕೊಂಡಿದ್ದರು. ಹೀಗಾಗಿ ಮಾವನಿಗೆ ವಯಸ್ಸಾಗಿ, ಲೈಸೆನ್ಸನ್ನು ಮುಂದಿನವರ ಹೆಸರಿಗೆ ಮಾಡಿಸಬೇಕು ಎಂದಾದಾಗ ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಸೊಸೆಯ ಹೆಸರಿಗೂ ಆಗುತ್ತದೆ ಎಂದು ವಿಚಾರಿಸಿಕೊಂಡು ಬಂದರು. ಮೈಸೂರಿಗೆ ಹೋಗಿ ತರಬೇತಿ ಪಡೆದು ಸರ್ಟಿಫಿಕೇಟು ತಂದೆ. ಅಲ್ಲಿ ಕಲಿಸಿದವರು ಇಂಥ ಹಳೆಯ ರಿವಾಲ್ವರನ್ನು ಚಿತ್ರದಲ್ಲಿ ಮಾತ್ರ ನೋಡಿದ್ದರಂತೆ. "ನಿಮ್ಮನೆ ಯಜಮಾನರ ಹತ್ತಿರವೇ ಕಲಿತುಕೊಳ್ಳಿ ಮೇಡಂ," ಎಂದರು. ಯಜಮಾನರು, ಅಂದರೆ ಮಾವ, ಅದಕ್ಕೇ ಕಾದಿದ್ದರು.

ಪಾಠ ಹಿತ್ತಲಲ್ಲಿ. ಮಾವ ಚಾಪೆ ಹಾಸಿ, ತಿಪ್ಪೆಗೆ ಮುಖ ಮಾಡಿ ಕೂರುತ್ತಿದ್ದರು. ಕಾರಣ, ರಿವಾಲ್ವರಿನ ಬಾಯಿ ಯಾವಾಗಲೂ ತಿಪ್ಪೆಯ ಕಡೆಗೇ ಇರಬೇಕು. ಮನುಷ್ಯರ ಕಡೆ, ದನದ ಕಡೆ, ಪಕ್ಕದ ಮನೆಯ ಕಡೆ ತಿರುಗಕೂಡದು. ಬೆರಳು ಟ್ರಿಗರಿನ ಹತ್ತಿರವೂ ಸುಳಿಯಕೂಡದು. ಕೈಗೆ ತೆಗೆದುಕೊಂಡ ಕೂಡಲೇ, ಯಾರು ಏನೇ ಹೇಳಿರಲಿ, ಒಳಗೆ ಗುಂಡಿದೆಯೇ ಎಂದು ನೋಡಬೇಕು.

"ನಾನೇ ಕೊಟ್ಟು ಬರಿದಾಗೈತೆ ಅಂದ್ರೂ ನೀನು ನೋಡ್ಬೇಕು ಕಣವ್ವ. ಮಾವ ಅಂತ ಮರ್ವಾದೆಗೆ ನೋಡ್ದೆ ಇದ್ಬುಟ್ಟೀಯ."

ಈ ರಿವಾಲ್ವರಿನ ಹಿಂಭಾಗದಲ್ಲಿ ಸುತ್ತಿಗೆಯಂಥ ಒಂದು ಕೊಕ್ಕೆಯಿದೆ. ಅದಕ್ಕೆ ನಮ್ಮ ಕಡೆ ಕುದುರೆ ಎನ್ನುತ್ತಾರೆ. ಈಗಿನ ರಿವಾಲ್ವರುಗಳಲ್ಲಿ ಟ್ರಿಗರ್ ಒತ್ತಿದರೆ ಕುದುರೆ ತಾನೇ ಎದ್ದು ತಾನೇ ಬೀಳುತ್ತದೆ. ಇದರಲ್ಲಿ ಪ್ರತಿ ಸಲವೂ ಹೆಬ್ಬೆರಳಿನಿಂದ ನಾವೇ ಎಳೆದು ನಿಲ್ಲಿಸಬೇಕು. ಅರ್ಧ ಎಳೆದರೆ ಉರುಳೆ ಸಡಿಲವಾಗಿ ಗಿರಗಿರ ತಿರುಗುತ್ತದೆ. ಆಗ ಬಲಗಡೆಯ ಚಿಕ್ಕ ಬಾಗಿಲು ತೆರೆದು ಒಂದೊಂದೇ ಗೂಡಿಗೆ ಗುಂಡು ಇಳಿಸಬೇಕು. ಮಾವ ಇದಕ್ಕೊಂದು ರಾಗ ಇಟ್ಟುಕೊಂಡಿದ್ದರು.

"ಒಂದ್ ಆಕು, ಒಂದ್ ಬುಡು, ನಾಕ್ ಆಕು. ಪೂರ್ತಿ ಎಳಿ. ಮೆತ್ತಗ್ ಇಳ್ಸು."

ಒಂದು ಗೂಡಿಗೆ ಹಾಕಿ, ಮುಂದಿನದನ್ನು ಬಿಟ್ಟು, ಉಳಿದ ನಾಲ್ಕಕ್ಕೆ ಹಾಕಿ, ಕುದುರೆಯನ್ನು ಪೂರ್ತಿ ಎಳೆದು, ಹೆಬ್ಬೆರಳಲ್ಲಿ ಹಿಡಿದುಕೊಂಡೇ ಮೆಲ್ಲಗೆ ಇಳಿಸಿದರೆ, ಕುದುರೆ ಹೋಗಿ ಕೂರುವುದು ಆ ಖಾಲಿ ಗೂಡಿನ ಮೇಲೆ. ಅಲ್ಲಿ ಗುಂಡಿದ್ದರೆ, ರಿವಾಲ್ವರು ಕೈಜಾರಿ ಕುದುರೆ ನೆಲಕ್ಕೆ ತಾಗಿದರೂ ಸಾಕು, ಯಾರೂ ಟ್ರಿಗರ್ ಮುಟ್ಟದೆ ಗುಂಡು ಹಾರುತ್ತದೆ. ಖಾಲಿ ಇದ್ದರೆ ಬರೀ ಟಪ್ಪೆನ್ನುತ್ತದೆ. ಆ ಖಾಲಿ ಜಾಗವೇ ಜೀವ ಉಳಿಸುವುದು ಎನ್ನುತ್ತಿದ್ದರು ಮಾವ. ಅಷ್ಟೆಲ್ಲ ಹೆದರಿಕೆ ಇರುವಾಗ ಆರನ್ನೂ ಖಾಲಿ ಬಿಟ್ಟರೆ ಏನಾಗುತ್ತದೆ ಎಂದು ನಾನು ಕೇಳಿದೆ. ಅವರು ನನ್ನ ಮುಖ ನೋಡಿ, "ಆಮೇಲೆ ಅದ್ನ ರಿವಾಲ್ವರ್ ಅಂತ ಯಾಕನ್ಬೇಕು?" ಎಂದರು.

ಇನ್ನು ಅತ್ತೆ. ಅತ್ತೆಗೆ ಜಗತ್ತಿನಲ್ಲಿ ಆಗದ ವಸ್ತು ಒಂದೇ, ಅದು ಖಾಲಿ. ಪಕ್ಕದ ಮನೆಯವರು ಸಾರು ಕೊಟ್ಟ ಬಟ್ಟಲನ್ನು ಖಾಲಿ ಹಿಂತಿರುಗಿಸಬಾರದು ಎಂಬುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ನಮ್ಮಮ್ಮನೂ ನಾಲ್ಕು ಮೆಣಸಿನಕಾಯಿ ಹಾಕಿಯೇ ಕೊಡುತ್ತಿದ್ದಳು. ಅತ್ತೆ ಅದನ್ನು ಅಲ್ಲಿಗೇ ಬಿಟ್ಟವರಲ್ಲ. ರಾಗಿ ಅಳೆಯುವ ಸೇರಿನ ತಳದಲ್ಲಿ ಒಂದು ಹಿಡಿ ಉಳಿದಿರಬೇಕು. ಎಣ್ಣೆಯ ಕ್ಯಾನಿನಲ್ಲಿ ಒಂದು ತೊಟ್ಟು. ನಾನು ತವರಿನಿಂದ ತಂದ ಸೂಟ್‌ಕೇಸಿನ ಬಟ್ಟೆಯೆಲ್ಲ ಬೀರುವಿಗೆ ಹೋದ ದಿನ ಅದರೊಳಗೆ ಒಂದು ಅಚ್ಚು ಬೆಲ್ಲ ಇಟ್ಟು ಅಟ್ಟಕ್ಕೆ ಹಾಕಿಸಿದರು. ಮುಂದಿನ ಸಲ ತವರಿಗೆ ಹೊರಟಾಗ ಇರುವೆಗಳೂ ನನ್ನ ಜೊತೆ ಕೆ.ಆರ್. ನಗರ ನೋಡಿ ಬಂದವು. ಗಂಡ ಅಂಗಡಿಯಿಂದ ಊಟದ ಡಬ್ಬಿ ಖಾಲಿ ತರುವಂತಿಲ್ಲ, ಒಂದು ತುತ್ತಾದರೂ ಉಳಿಸಿ ತರಬೇಕು. ಅಕ್ಕಿ ಮುಗಿದರೂ ಅತ್ತೆ ಮುಗಿಯಿತು ಎನ್ನುವವರಲ್ಲ, ಅಕ್ಕಿ ತುಂಬೈತೆ ಎನ್ನುತ್ತಾರೆ. ಹೊಸದರಲ್ಲಿ ನಾನು ಅದನ್ನು ನಂಬಿ, ತರಿಸದೆ, ಒಂದು ಹಬ್ಬದ ದಿನ ಎಲ್ಲರೂ ಮುದ್ದೆ ಉಂಡೆವು.

ಇಂಥವರ ಮನೆಯಲ್ಲಿ, ಬೇಕೆಂದೇ ಒಂದು ಗೂಡು ಖಾಲಿ ಇಡುವ ವಸ್ತು. ಅದೂ ಆಯುಧಪೂಜೆಯ ದಿನ, ತುಂಬಿದ್ದನ್ನೇ ಪೂಜೆ ಮಾಡಬೇಕಾದ ದಿನ.

ಒಂದು ವರ್ಷ ಪೂಜೆ ಮುಗಿದು ಕೆಲವು ದಿನಗಳಾದ ಮೇಲೆ ಮಾವ ಎಣ್ಣೆ ಹಾಕಿ ಒರೆಸಲೆಂದು ಬಾಗಿಲು ತೆರೆದರೆ, ಖಾಲಿ ಗೂಡಿನಲ್ಲಿ ಅಕ್ಷತೆ. ಅರಿಸಿನದ ಅಕ್ಕಿ ಎಣ್ಣೆ ಕುಡಿದು ಉಬ್ಬಿ ಕೂತಿತ್ತು. ಪೊರಕೆ ಕಡ್ಡಿಯಲ್ಲಿ ಕೆದಕಿ ಕೆದಕಿ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಮಾವ ಅತ್ತೆಯನ್ನು ಕರೆದು ಬೀದಿಗೆಲ್ಲ ಕೇಳುವಂತೆ ಬೈದರು.

"ಗುಂಡ್ ಮಡಗೋ ಜಾಗುಕ್ಕೆ ಗುಂಡ್ ಮಡಗ್ಬೇಕು ಕಣೇ! ಅಕ್ಕಿ ಮಡಗ್ತಾರೇನೇ ಯಾರಾದ್ರೂ?"

ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಯಿತು ಎನ್ನುವಂತೆ ತಲೆಯನ್ನೂ ಆಡಿಸಿದರು. ಅವರು ಗಂಡನ ಮಾತು ಮೀರುವ ಹೆಂಗಸಲ್ಲ.

ಮಾವನ ಅಣ್ಣನ ವಿಷಯವನ್ನೂ ಇಲ್ಲಿ ಹೇಳಬೇಕು. ಅವರದು ಗಾವಡಗೆರೆ ಕಡೆ ಜಮೀನು. ಕೊನೆಯ ವರ್ಷಗಳಲ್ಲಿ ಅವರಿಗೆ ಮರೆವು ಹತ್ತಿತು. ಮೊದಲು ಚಪ್ಪಲಿ ಮರೆತರು, ಆಮೇಲೆ ದಾರಿ ಮರೆತರು, ಆಮೇಲೆ ಹೆಂಡತಿಯನ್ನು ನೋಡಿ "ನೀವು ಯಾವೂರ್ನೋರವ್ವ?" ಎಂದು ಮರ್ಯಾದೆಯಾಗಿ ಕೇಳಲು ಶುರುಮಾಡಿದರು. ನೋಡಿಕೊಂಡು ಬಂದ ದಿನ ಮಾವ ಊಟ ಮಾಡಲಿಲ್ಲ. ನಮ್ಮ ವಂಶದಲ್ಲಿ ಇದು ಇದೆ, ನನಗೂ ಬರುತ್ತದೆ ಎಂದು ಅವರ ಮನಸ್ಸಿಗೆ ಹೊಕ್ಕಿಬಿಟ್ಟಿತು. ಅಂದಿನಿಂದ ರಿವಾಲ್ವರಿಗೆ ಗುಂಡು ಹಾಕುವುದು ಅವರು ತಮಗೆ ತಾವೇ ಇಟ್ಟುಕೊಂಡ ಪರೀಕ್ಷೆಯೂ ಆಯಿತು. ಒಂದು ಹಾಕಿ, ಒಂದು ಬಿಟ್ಟು, ನಾಲ್ಕು ಹಾಕಿ, ಕುದುರೆ ಇಳಿಸಿದ ಮೇಲೆ, "ನೋಡ್ದಾ, ತೆಪ್ಪಲಿಲ್ಲ," ಎಂದು ನನ್ನ ಕಡೆ ತಿರುಗುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಆ ಮುಖದ ಸಮಾಧಾನ ನೋಡಲು ನನಗೂ ಇಷ್ಟವಿತ್ತು.

ಅಕ್ಷತೆಯ ಗಲಾಟೆಯ ಮುಂದಿನ ವರ್ಷದ ಆಯುಧಪೂಜೆ. ಬ್ಯಾರನ್ನಿನಲ್ಲಿ, ಅಂದರೆ ಒಲೆಯ ಕಾವಿನಲ್ಲಿ ಸೊಪ್ಪು ಒಣಗಿಸುವ ಮನೆಯಲ್ಲಿ, ಹೊಗೆಸೊಪ್ಪು ಬೇಯುತ್ತಿತ್ತು. ಸೊಪ್ಪಿಗೆ ಹಬ್ಬ ಹುಣ್ಣಿಮೆ ಇಲ್ಲ, ಬೆಂಕಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ವರ್ಷದ ದುಡಿಮೆ ಕರಿಯಾಗುತ್ತದೆ. ಬೆಳಿಗ್ಗೆ ಮಾವ ಸ್ನಾನ ಮಾಡಿ ಹಿತ್ತಲಲ್ಲಿ ಚಾಪೆ ಹಾಸಿ, ಕುದುರೆಯನ್ನು ಅರ್ಧ ಎಳೆದು, ಒಂದು ಹಾಕಿ, ಒಂದು ಬಿಟ್ಟು, ನಾಲ್ಕು ಹಾಕಿದರು. ಅಷ್ಟರಲ್ಲಿ ಬ್ಯಾರನ್ ಕಡೆಯಿಂದ ಆಳು ಕೂಗಿದ, ಒಲೆ ಜಾಸ್ತಿ ಉರಿಯುತ್ತಿದೆ ಎಂದು. ಮಾವ ರಿವಾಲ್ವರನ್ನು ಹಾಗೇ ಚಾಪೆಯ ಮೇಲಿಟ್ಟು ಪಂಚೆ ಎತ್ತಿಕಟ್ಟಿ ಓಡಿದರು. ನಾನು ಬಾಗಿಲಿಗೆ ಮಾವಿನ ತೋರಣ ಕಟ್ಟುತ್ತಿದ್ದೆ. ಗಂಡ ಸ್ಕೂಟರ್ ತೊಳೆಯುತ್ತಿದ್ದ. ಅತ್ತೆ ಅರಿಸಿನ ಕುಂಕುಮದ ತಟ್ಟೆ ಹಿಡಿದು ಹಿತ್ತಲಿನಲ್ಲಿದ್ದರು.

ಮಾವ ಬೆಂಕಿ ಸರಿಮಾಡಿ ಬಂದವರು ಕೂತು, ಕುದುರೆ ಪೂರ್ತಿ ಎಳೆದು, ಮೆಲ್ಲಗೆ ಇಳಿಸಿ, ಚಿಕ್ಕ ಬಾಗಿಲು ಮುಚ್ಚಿದರು. ನಡುವೆ ಎದ್ದು ಹೋದರೆ ಎಲ್ಲ ಗುಂಡು ತೆಗೆದು ಮೊದಲಿನಿಂದ ಹಾಕಬೇಕು ಎಂದು ನನಗೆ ಕಲಿಸಿದವರೂ ಅವರೇ.

ನಡುಮನೆಯಲ್ಲಿ ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಕ್ಯಾನು, ಗಂಡನ ಸ್ಪ್ಯಾನರುಗಳು, ನನ್ನ ಹೊಲಿಗೆ ಮಿಷನ್ನು, ಮಧ್ಯದಲ್ಲಿ ಬಾಳೆ ಎಲೆಯ ಮೇಲೆ ರಿವಾಲ್ವರು. ಅದರ ಬಾಯಿ ಗೋಡೆ ಕಡೆಗೆ. ಪೂಜೆಯಾಯಿತು. ಅತ್ತೆ ಮಂಗಳಾರತಿ ತಟ್ಟೆಯನ್ನು ನಮಗೆಲ್ಲ ತೋರಿಸಿ, ರಾಗಿ ಡ್ರಮ್ಮಿನ ಪಕ್ಕ ಹೋಗಿ ನಿಂತರು. ಮಾವ ರಿವಾಲ್ವರನ್ನು ಎತ್ತಿ ಟ್ರಂಕಿಗೆ ಇಡಲು ತಿರುಗಿದರು. ಹಿಡಿಗೆ ಗಂಧ, ಎಣ್ಣೆ, ಬಾಳೆಹಣ್ಣಿನ ರಸಾಯನ ಎಲ್ಲ ಮೆತ್ತಿತ್ತು. ಅದು ಕೈಯಿಂದ ಜಾರಿತು. ಹಿಂಭಾಗ ಕೆಳಗಾಗಿ ಬಿದ್ದು, ಕುದುರೆ ಹೊಸ್ತಿಲ ಕಲ್ಲಿಗೆ ತಾಗಿತು.

ಗುಂಡುಗಳು ಬಹಳ ಹಳೆಯವು, ಸಿಡಿಯುತ್ತವೋ ಇಲ್ಲವೋ ಎಂಬ ಅನುಮಾನ ನಮ್ಮ ಮನೆಯಲ್ಲಿತ್ತು. ಆ ಅನುಮಾನ ಪರಿಹಾರವಾಯಿತು.

ಹೊಗೆ ಸರಿದಾಗ ಅತ್ತೆ ತಟ್ಟೆ ಹಿಡಿದು ಇದ್ದಲ್ಲೇ ನಿಂತಿದ್ದರು. ಅವರ ಮೊಣಕೈಯಿಂದ ಒಂದು ಗೇಣು ಆಚೆ ಡ್ರಮ್ಮಿನಲ್ಲಿ ತೂತು. ಅದರಿಂದ ರಾಗಿ ಸರಸರ ಸುರಿಯುತ್ತಿತ್ತು. ಗಂಡ ಗೋಡೆಗೊರಗಿ ಜಾರಿ ನೆಲದ ಮೇಲೆ ಕೂತು ಕಣ್ಣು ಮುಚ್ಚಿದ. ಅವನಿಗೆ ಗುಂಡು ತಾಗಿದೆ ಎಂದು ನಾನು ಕಿರುಚಿದೆ. ತಾಗಿರಲಿಲ್ಲ, ಮೂರ್ಛೆ ಹೋಗಿದ್ದ. ಪಕ್ಕದ ಮನೆಯವರು ಗೋಡೆಯಾಚೆಯಿಂದ, "ಏನ್ರಪ್ಪಾ, ಆಗ್ಲೇ ದೀಪಾವಳಿನಾ ನಿಮ್ಗೆ?" ಎಂದು ನಕ್ಕರು. ಅತ್ತೆ ತಟ್ಟೆ ಕೆಳಗಿಟ್ಟು ತೂತಿಗೆ ತಮ್ಮ ಹೆಬ್ಬೆರಳು ಒತ್ತಿ ಹಿಡಿದರು.

ಮಾವ ಮಾತ್ರ ಅಲ್ಲಾಡಲಿಲ್ಲ. ರಿವಾಲ್ವರನ್ನೂ ನೋಡಲಿಲ್ಲ, ತೂತನ್ನೂ ನೋಡಲಿಲ್ಲ. ಅತ್ತೆಯ ಮೊಣಕೈಯನ್ನೇ ನೋಡುತ್ತಿದ್ದರು.

"ಆರು ಆಕ್ಬುಟ್ಟಿದ್ದೀನಿ," ಎಂದರು ಕೊನೆಗೆ. "ನಂಗೂ ಬಂತು ಕಣವ್ವ."

ರಿವಾಲ್ವರನ್ನು ಎತ್ತಿಕೊಂಡವಳು ನಾನು. ಹಿತ್ತಲಿಗೆ ಹೋಗಿ, ತಿಪ್ಪೆಗೆ ಮುಖ ಮಾಡಿ, ಕುದುರೆ ಅರ್ಧ ಎಳೆದು, ಬಾಗಿಲು ತೆರೆದು ಒಂದೊಂದನ್ನೇ ಹೊರಗೆ ದಬ್ಬಿದೆ. ಐದು ಗುಂಡು, ಒಂದು ಸುಟ್ಟ ಖಾಲಿ ಕೊಳವೆ. ಐದರ ತಳಗಳಲ್ಲಿ ಎಣ್ಣೆ ಬಿಟ್ಟರೆ ಏನೂ ಇರಲಿಲ್ಲ. ಸುಟ್ಟದ್ದರ ತಳದಲ್ಲಿ ಕುಂಕುಮವಿತ್ತು, ಉಂಗುರದ ಬೆರಳಿನಿಂದ ಅಚ್ಚುಕಟ್ಟಾಗಿ ಇಟ್ಟ ಬೊಟ್ಟು. ಕುದುರೆಯ ಮೂತಿ ಆ ಬೊಟ್ಟಿನ ನಟ್ಟನಡುವೆ ಬಡಿದಿತ್ತು. ಮಾವ ಗುಂಡಿಗೆ ಕುಂಕುಮ ಇಡುವವರಲ್ಲ. ಅವರಿಗೆ ಕಣ್ಣಿನ ಪೊರೆ ಬೇರೆ, ತೋರಿಸಿದರೂ ಕಾಣುತ್ತಿರಲಿಲ್ಲ.

ಅತ್ತೆ ಹಿಂದೆಯೇ ಬಂದು ನಿಂತಿದ್ದರು. ಸೆರಗಿನಲ್ಲಿ ಬೆರಳು ಒರೆಸಿಕೊಳ್ಳುತ್ತಿದ್ದರು.

"ನೀವಾ ಅತ್ತೆ?"

"ಅವ್ರೇ ಯೋಳಿದ್ರಲ್ಲವ್ವ ಓದ್ ವರ್ಸ," ಎಂದರು. "ಗುಂಡಿನ ಜಾಗುಕ್ಕೆ ಗುಂಡ್ ಮಡಗು, ಅಕ್ಕಿ ಮಡಗ್ಬ್ಯಾಡ ಅಂತ. ಅಬ್ಬದ್ ದಿವ್ಸ ಬಾಯ್ ಬುಟ್ಕೊಂಡು ಬರಿದು ಕೂತಿತ್ತು. ತಿರುಗಿಸ್ದೆ, ತೂತ ಕಾಣ್ತು, ಡಬ್ಬೀಲಿ ಒಂದಿತ್ತು, ಮಡಗ್ದೆ. ಆಮೇಲೆ ಮೊದ್ಲಿದ್ದಂಗೇ ತಿರುಗಿಸ್ಬುಟ್ಟೆ."

ನನಗೆ ಬಂದ ಕೋಪಕ್ಕೆ ಎದುರಿಗಿದ್ದವರು ಅತ್ತೆಯಲ್ಲದೆ ಬೇರೆ ಯಾರಾದರೂ ಆಗಿದ್ದರೆ ಏನು ಹೇಳುತ್ತಿದ್ದೆನೋ. ಅವರ ಮುಖ ನೋಡಿ ನುಂಗಿಕೊಂಡೆ. ಒಂದು ಗೇಣು ಈಚೆಗಾಗಿದ್ದರೆ ಆ ಮುಖ ಇರುತ್ತಿರಲಿಲ್ಲ.

"ಈಗಲೇ ಹೋಗಿ ಹೇಳಿ ಅತ್ತೆ. ಅವರು ತಮಗೇ ಬುದ್ಧಿ ಕೆಟ್ಟಿತು ಅಂದುಕೊಂಡಿದ್ದಾರೆ."

"ನಾನೇ ಯೋಳ್ತೀನಿ. ನೀನ್ ಬಾಯ್ ಬುಡಬ್ಯಾಡ," ಎಂದು ನನ್ನ ಕೈಹಿಡಿದು ಭಾಷೆ ತೆಗೆದುಕೊಂಡರು.

ಆದರೆ ಹೇಳಲು ಒಳ್ಳೆಯ ದಿನ ಸಿಗಲಿಲ್ಲ. ಅಂದು ಹಬ್ಬ, ಹಬ್ಬದ ದಿನ ಬೈಗುಳ ಬೇಡ. ಮಾರನೆಯ ದಿನ ವಿಜಯದಶಮಿ, ಸರಿಯೇ. ಆಮೇಲೆ ಮಂಗಳವಾರ ಬಂತು. ಆಮೇಲೆ ಬ್ಯಾರನ್ ಬಿಚ್ಚುವ ದಿನ, ಸೊಪ್ಪು ಇಳಿಸುವಾಗ ಮನಸ್ತಾಪ ಆಗಬಾರದು. ಆಮೇಲೆ ಅಮಾವಾಸ್ಯೆ ಹತ್ತಿರವಾಯಿತು. ಪಂಚಾಂಗದಲ್ಲಿ ಮದುವೆಗೆ, ಗೃಹಪ್ರವೇಶಕ್ಕೆ, ಬೋರ್‌ವೆಲ್ ಕೊರೆಸುವುದಕ್ಕೆ ಕೂಡ ಮುಹೂರ್ತವಿದೆ, ತಪ್ಪು ಒಪ್ಪಿಕೊಳ್ಳುವುದಕ್ಕೆ ಇಲ್ಲ.

ಅಷ್ಟರಲ್ಲಿ ಮಾವ ಕರಗಿದರು. ಮೊದಲು ಠಾಣೆಗೆ ಹೋಗಿ ತಾವೇ ಎಲ್ಲ ಹೇಳಿ ಬಂದರು. ಬೈಸಿಕೊಂಡು, ಮುಂದಿನ ಸಲದಿಂದ ಪೂರ್ತಿ ಖಾಲಿ ಮಾಡಿ ಪೂಜೆ ಮಾಡಿ ಎನ್ನಿಸಿಕೊಂಡು ಬಂದರು. ಟ್ರಂಕಿನ ಬೀಗದ ಕೈ ನನಗೆ ಕೊಟ್ಟರು. ಆಮೇಲೆ ಬ್ಯಾರನ್ನಿನ ಬೀಗದ ಕೈಯನ್ನೂ ಮಗನಿಗೆ ಕೊಟ್ಟರು. ಹರಾಜು ಕಟ್ಟೆಗೆ ಸೊಪ್ಪು ಒಯ್ಯುವ ದಿನ, ಯಾವ ವರ್ಷವೂ ತಪ್ಪಿಸದವರು, "ನಾನ್ ಬಂದು ಏನಾದ್ರೂ ಎಡವಟ್ ಮಾಡ್ಬುಟ್ರೆ?" ಎಂದು ಜಗಲಿಯ ಮೇಲೆಯೇ ಕೂತರು. ಏನು ಮಾಡಿದರೂ ನನ್ನನ್ನು ಕೂಗುವುದು. "ಗೇಟ್ ಆಕಿದ್ದೀನಾ ನೋಡವ್ವ." ಹಾಕಿರುತ್ತಿದ್ದರು. "ಮಾತ್ರೆ ನುಂಗಿದ್ನಾ ನಾನು?" ನುಂಗಿರುತ್ತಿದ್ದರು. "ಮೂರೂ ದನ ಕಟ್ಟಿದ್ದೀನಾ, ಎಣ್ಸು." ಮೂರೂ ಇರುತ್ತಿದ್ದವು. ಎಲ್ಲವೂ ಸರಿಯಾಗಿರುತ್ತಿತ್ತು, ಅವರು ಮಾತ್ರ ಸರಿ ಇರಲಿಲ್ಲ. ಒಂದು ದಿನ ಅತ್ತೆ ಕಾಫಿ ತಂದುಕೊಟ್ಟಾಗ ಮಾವ ಅವರ ಮುಖವನ್ನೇ ನೋಡುತ್ತ ಕೂತರು. ನೆನಪಿಟ್ಟುಕೊಳ್ಳುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಒಳಗೆ ಎದ್ದು ಹೋದೆ.

ಅಂದು ಅಡುಗೆಮನೆಯಲ್ಲಿ ಅತ್ತೆಗೆ ಹೇಳಿದೆ. ಅಮಾವಾಸ್ಯೆಯಾದರೂ ಸರಿ, ಗ್ರಹಣವಾದರೂ ಸರಿ, ನೀವು ಹೇಳದಿದ್ದರೆ ನಾನು ಭಾಷೆ ಮುರಿಯುತ್ತೇನೆ ಎಂದು.

ಅತ್ತೆ ಮುದ್ದೆ ತಿರುವುತ್ತಿದ್ದವರು ಕೋಲು ನಿಲ್ಲಿಸಿದರು. "ಅವ್ರು ಬಯ್ದ್ರೆ ಬಯ್ಸ್ಕತೀನಿ ಕಣವ್ವ. ಈ ಮನ್ಗೆ ಬಂದಾಗ್ನಿಂದ್ಲೂ ಬಯ್ಸ್ಕಂಡೇ ಇದ್ದೀನಿ. ಬಯ್ದೆ ಸುಮ್ಗೆ ಕೂತ್ಬುಟ್ರೆ ಏನ್ ಮಾಡ್ಲಿ?"

ನಾನು ಅವರ ಕೈಯಿಂದ ಕೋಲು ತೆಗೆದುಕೊಂಡು ಮುದ್ದೆ ತಿರುವಿದೆ.

ಅದೇ ವಾರ ಮಾವ ತಾವಾಗಿಯೇ, ಹುಣಸೂರಿಗೆ ತಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದರು. ಬಸ್ಸಿನಲ್ಲಿ ಮಾವ ಗಂಡಸರ ಸೀಟಿನಲ್ಲಿ, ನಾನು ಅತ್ತೆ ಹೆಂಗಸರ ಸೀಟಿನಲ್ಲಿ. ಅತ್ತೆಯ ಮಡಿಲಲ್ಲಿ ಊಟದ ಡಬ್ಬಿ. ದಾರಿಯುದ್ದಕ್ಕೂ ಅದನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದರು.

ಡಾಕ್ಟರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಎಮ್ಮೆ, ಕೊಡೆ, ನಿಂಬೆಹಣ್ಣು ಎಂದು ಮೂರು ಪದ ಹೇಳಿ, ಆಮೇಲೆ ಕೇಳುತ್ತೇನೆ ನೆನಪಿಟ್ಟುಕೊಳ್ಳಿ ಎಂದರು. ಇವತ್ತು ಯಾವ ವಾರ, ಯಾವ ತಿಂಗಳು, ಇದು ಯಾವ ಊರು ಎಂದು ಕೇಳಿದರು. ಮಾವ ತಿಥಿ ನಕ್ಷತ್ರ ಸೇರಿಸಿ ಹೇಳಿದರು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. ಜೀವಮಾನವೆಲ್ಲ ಹರಾಜು ಕಟ್ಟೆಯಲ್ಲಿ ಲೆಕ್ಕ ಹಾಕಿದ ಮನುಷ್ಯ, ಸರಸರ ಇಳಿದರು. ನಡುವೆ ಡಾಕ್ಟರೇ ತಪ್ಪಿ, ಬೆರಳು ಮಡಿಸಿ ನೋಡಿಕೊಂಡರು.

"ಎಲ್ಲ ಚೆನ್ನಾಗಿದೆಯಲ್ಲ ಯಜಮಾನ್ರೇ. ನಿಮಗೆ ಮರೆವು ಇದೆ ಅಂತ ಯಾರು ಹೇಳಿದ್ದು?"

"ಎಮ್ಮೆ, ಕೊಡೆ, ನಿಂಬೆಅಣ್ಣು," ಎಂದರು ಮಾವ. "ನೀವು ಕೇಳೋದ್ ಮರ್ತ್ರಿ. ಇದೆಲ್ಲ ಬರ್ತದೆ ಸ್ವಾಮಿ. ಆದ್ರೆ ಐದ್ ಆಕೋ ಕಡೆ ಆರ್ ಆಕಿದ್ದೀನಿ. ಇವ್ಳು ಒಂದ್ ಗೇಣಲ್ಲಿ ಉಳ್ದವ್ಳೆ. ನಮ್ಮಣ್ಣಂಗೂ ಇಂಗೇ ಸುರುವಾಗಿದ್ದು. ನಾಳೀಕೆ ಇವ್ಳನ್ನೇ ಯಾವೂರ್ನೋಳು ಅಂತ ಕೇಳ್ತೀನಿ ನಾನು. ಅದ್ಕೆ ಮುಂಚೆ ಏನಾದ್ರೂ ಔಸ್ದಿ ಇದ್ರೆ ಕೊಡಿ."

ಡಾಕ್ಟರು ಐದು ಯಾವುದು ಆರು ಯಾವುದು ಎಂದು ತಿಳಿಯದೆ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟು ಎದ್ದು ನಿಂತರು.

"ಆರ್ನೇದು ನಾನ್ ಮಡಗಿದ್ದು," ಎಂದರು. ಗಂಡನಿಗಲ್ಲ, ಡಾಕ್ಟರಿಗೆ. "ಅವ್ರು ಐದೇ ಆಕಿದ್ರು. ಬ್ಯಾರನ್ ತಾವ ಓದಾಗ ನಾನ್ ಮಡಗ್ದೆ. ಕುಂಕುಮ ಇಕ್ಕಿ ಮಡಗ್ದೆ."

ಮಾವ ಅತ್ತೆಯ ಕಡೆ ತಿರುಗಿದರು. ಬೈಗುಳ ಬರುತ್ತದೆ ಎಂದು ನಾನು ಕಾದೆ. ಬರಲೆಂದು ಹಾರೈಸಿದೆ.

"ಐದೇ ಆಕಿದ್ನಾ ನಾನು?"

"ಐದೇಯ."

"ಒಂದ್ ಬುಟ್ಟಿದ್ನಾ?"

"ಬುಟ್ಟಿದ್ರಿ. ನಾನೇ ಕಣ್ಣಾರೆ ಕಂಡೆ."

ಮಾವ ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ಡಾಕ್ಟರಿಗೆ ಹೇಳಿದರು, "ಅಂಗಾದ್ರೆ ಇವ್ಳನ್ನ ನೋಡಿ ಸ್ವಾಮಿ. ನಂದೇನಿಲ್ಲ." ಎದ್ದು ಬಾಗಿಲವರೆಗೆ ಹೋಗಿ ನಿಂತು, ತಿರುಗದೆ, "ಆದ್ರೂ ಬಂದ್ ಮ್ಯಾಲೆ ನಾನ್ ಇನ್ನೊಂದ್ ದಪ ನೋಡ್ಬೇಕಿತ್ತು. ಅದು ನಂದೇ," ಎಂದರು. ಡಾಕ್ಟರು ಫೀಸು ತೆಗೆದುಕೊಳ್ಳಲೋ ಬೇಡವೋ ಎಂದು ಯೋಚಿಸಿ ತೆಗೆದುಕೊಂಡರು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮೂವರೂ ಡಬ್ಬಿ ಬಿಚ್ಚಿ ಉಂಡೆವು. ಬೈಗುಳ ಅಲ್ಲಿ ಶುರುವಾಯಿತು, ಪಿರಿಯಾಪಟ್ಟಣದವರೆಗೆ ನಡೆಯಿತು. ಈ ಸಲ ಮಾವ ಹೆಂಗಸರ ಸೀಟಿನಲ್ಲಿ ಅತ್ತೆಯ ಪಕ್ಕವೇ ಕೂತಿದ್ದರು. ಕಂಡಕ್ಟರ್ ಎಬ್ಬಿಸಲು ಬಂದು, ಬೈಯುವ ರಭಸ ನೋಡಿ ಟಿಕೆಟ್ ಕೊಟ್ಟು ಹೋದ. ಅತ್ತೆ ಡಬ್ಬಿ ಹಿಡಿದು, ತಲ್ಲೀನರಾಗಿ ಕೇಳಿಸಿಕೊಳ್ಳುತ್ತಿದ್ದರು. ಡಬ್ಬಿಯ ತಳದಲ್ಲಿ ಒಂದು ತುತ್ತು ಉಳಿಸಿದ್ದರು.

ರಾಗಿಯಲ್ಲಿ ಸೇರಿಹೋಗಿದ್ದ ಗುಂಡು ಮುಂದೊಂದು ದಿನ ಮಿಲ್ಲಿಗೆ ಹಾಕುವ ಮುಂಚೆ ಮೊರದಲ್ಲಿ ಕೇರುವಾಗ ಸಿಕ್ಕಿತು. ಡ್ರಮ್ಮಿನ ತೂತಿಗೆ ಗಂಡ ಬೋಲ್ಟು ಹಾಕಿ ಬಿಗಿ ಮಾಡಿದ. ಮಾವ ಹರಾಜು ಕಟ್ಟೆಗೆ ಹೋಗಲು ಶುರುಮಾಡಿದರು. ಆದರೂ ಗೇಟು ಹಾಕಿದ ಮೇಲೆ ನನ್ನ ಕಡೆ ಒಮ್ಮೆ ನೋಡುವ ಅಭ್ಯಾಸ ಉಳಿದುಕೊಂಡಿತು. ನಾನು ಒಲೆ ಮುಂದೆ ಇದ್ದರೂ "ಹಾಕಿದ್ದೀರಿ ಮಾವ," ಎಂದು ಕೂಗುತ್ತಿದ್ದೆ. ತಮ್ಮ ಮೇಲೆ ಅವರಿಗಿದ್ದ ನಂಬಿಕೆ ಇನ್ನೂ ಪೂರ್ತಿ ವಾಪಸ್ ಬಂದಿಲ್ಲ ಎಂದು ನನಗೆ ಬೇಸರವಾಗುತ್ತಿತ್ತು.

ಈ ವರ್ಷದ ಆಯುಧಪೂಜೆಯ ಹೊತ್ತಿಗೆ ಲೈಸೆನ್ಸು ನನ್ನ ಹೆಸರಿಗೆ ಬಂದಿತ್ತು. ಗುಂಡಿನ ಡಬ್ಬಿಯನ್ನು ಬೇರೆ ಬೀಗದಲ್ಲಿಟ್ಟೆ. ಹಿತ್ತಲಲ್ಲಿ ತಿಪ್ಪೆಗೆ ಮುಖ ಮಾಡಿ ಆರು ಗೂಡುಗಳನ್ನೂ ಬೆಳಕಿಗೆ ಹಿಡಿದು ನೋಡಿದೆ. ಕಿರುಬೆರಳು ಹಾಕಿಯೂ ನೋಡಿ, ಮಾವನ ಕೈಗೆ ಕೊಟ್ಟೆ. ಅವರೂ ಕನ್ನಡಕ ಏರಿಸಿ ಎಲ್ಲವನ್ನೂ ನೋಡಿದರು. ಪೊರೆ ತೆಗೆಸಿದ್ದರಿಂದ ಈಗ ಚೆನ್ನಾಗಿ ಕಾಣುತ್ತಿತ್ತು. ಪೂರ್ತಿ ಖಾಲಿ.

ಅತ್ತೆ ಅಕ್ಷತೆ ತಟ್ಟೆ ಹಿಡಿದು ದೂರದಲ್ಲೇ ನಿಂತಿದ್ದರು. ಆ ಆರು ತೂತುಗಳನ್ನು ನೋಡಿ ಅವರ ಮುಖ ಸೊರಗಿತ್ತು, ಆದರೆ ಮಾತಾಡುವ ಧೈರ್ಯವಿರಲಿಲ್ಲ.

"ಬಾರೇ ಇಲ್ಲಿ," ಎಂದರು ಮಾವ. "ಮಡಗು."

ಅತ್ತೆ ನಂಬಲಿಲ್ಲ. ಮಾವ ಚಿಕ್ಕ ಬಾಗಿಲನ್ನು ತೆರೆದು ಹಿಡಿದೇ ಇದ್ದರು. ಅತ್ತೆ ಬಂದು ಕುಕ್ಕರಗಾಲಲ್ಲಿ ಕೂತು ಒಂದು ಚಿಟಿಕೆ ಅಕ್ಕಿ ಹಾಕಿದರು. ಮಾವ ಉರುಳೆಯನ್ನು ಒಂದು ಗೂಡು ತಿರುಗಿಸಿ, "ಒಂದು," ಎಂದರು. ಮತ್ತೊಂದು ಚಿಟಿಕೆ. "ಎಲ್ಡು." ಹೀಗೇ ಸಾಗಿತು. ನಾನು ಪಕ್ಕದಲ್ಲಿ ಎಣಿಸುತ್ತ, ಕೇಳಿದರೆ ಹೇಳಲು "ತಪ್ಪಲಿಲ್ಲ ಮಾವ" ಎಂಬ ಮಾತನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದೆ. ಕೊನೆಯ ಚಿಟಿಕೆ ಬಿತ್ತು.

"ಆರು," ಎಂದು ಮಾವ ಬಾಗಿಲು ಮುಚ್ಚಿದರು. ನನ್ನ ಕಡೆ ನೋಡಲಿಲ್ಲ. ಅತ್ತೆಯ ಕೈಹಿಡಿದು ಎಬ್ಬಿಸಿ, ಪೂಜೆಗೆ ಹೊತ್ತಾಯಿತು ಎಂದು ಒಳಗೆ ಹೊರಟರು.

ನಾನು ಚಾಪೆ ಸುತ್ತಿಟ್ಟು, ಮಾರನೆಯ ದಿನಕ್ಕೆ ಬೇಕಾಗುತ್ತದೆ ಎಂದು ಪೊರಕೆಯಿಂದ ಒಂದು ಗಟ್ಟಿ ಕಡ್ಡಿ ಮುರಿದಿಟ್ಟುಕೊಂಡೆ.